ಬಾಳೆಗೊನೆ ಹೇರಿದ ಹಳೆ ಜೀಪುಗಳು

ನಮ್ಮ ಕಡೆಯ ಹಳೆ ಜೀಪಿನವರಿಗೆ ಪಂದ್ಯದ ನಿಯಮ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂದದ್ದು, ನನಗೆ ಜೀಪು ಓಡಿಸಲು ಬರುವುದಿಲ್ಲ ಎಂಬ ಒಂದೇ ಅರ್ಹತೆಯಿಂದ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಯಾರ ಪಕ್ಷವನ್ನೂ ವಹಿಸುವುದಿಲ್ಲ ಎಂದು ಎಲ್ಲರೂ ಸೇರಿ ತೀರ್ಮಾನಿಸಿಬಿಟ್ಟರು. ಸ್ಪರ್ಧೆಗಿಳಿಯುವವರಲ್ಲಿ ಒಬ್ಬರು ನನ್ನ ಗಂಡ, ಇನ್ನೊಬ್ಬ ನನ್ನ ತಮ್ಮ ಎನ್ನುವುದು ಯಾರಿಗೂ ಅಡ್ಡಿಯಾಗಿ ಕಾಣಲಿಲ್ಲ. ಇಬ್ಬರೂ ಇರುವುದರಿಂದ ತಕ್ಕಡಿ ಸಮವಾಗುತ್ತದಂತೆ.

ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ, ಕುದೇರಿನ ಹತ್ತಿರ ಪರಿಚಯದವರೊಬ್ಬರ ಬೀಳು ಹೊಲದಲ್ಲಿ ಈ ಪಂದ್ಯ ನಡೆಯುತ್ತದೆ. ಕೆಸರಿಗಿಳಿದು, ದಿಣ್ಣೆ ಹತ್ತಿ, ಮೊದಲು ಯಾರು ಗುರಿ ಮುಟ್ಟುತ್ತಾರೋ ಅವರು ಗೆದ್ದಂತೆ. ಹೊಸ ಗಾಡಿಗಳಿಗೆ ಒಂದು ವಿಭಾಗ, ಹಳೆ ಜೀಪುಗಳಿಗೆ ಇನ್ನೊಂದು. ಹೋದ ವರ್ಷ ಹಳೆ ವಿಭಾಗದಲ್ಲಿ ಗುಂಡ್ಲುಪೇಟೆಯಿಂದ ಬಂದ ನನ್ನ ತಮ್ಮ ಗೆದ್ದ. ನಮ್ಮ ಚಾಮರಾಜನಗರದ ಮಾನ ಹೋಯಿತೆಂದು ನನ್ನ ಗಂಡನಿಗೆ ಅನಿಸಿತೋ ಏನೋ, ಎಲ್ಲರೆದುರು, ‘ಇದು ಹಳೇ ಜೀಪಲ್ಲ, ಬರೀ ಹಳೇ ನಂಬರ್ ಪ್ಲೇಟು’ ಎಂದುಬಿಟ್ಟರು.

ಅವತ್ತಿನಿಂದ ತಮ್ಮ ನಮ್ಮ ಮನೆಯ ಮೆಟ್ಟಿಲು ತುಳಿಯಲಿಲ್ಲ. ತೋಟದ ತರಕಾರಿಯನ್ನು ಮಾತ್ರ ಬಸ್ ಕಂಡಕ್ಟರ್ ಕೈಲಿ ಕಳಿಸುತ್ತಿದ್ದ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಆ ಚೀಲ ಇಳಿಸಿಕೊಳ್ಳುವಾಗಲೆಲ್ಲ ನನಗೆ ಇಬ್ಬರ ಮೇಲೂ ಮೈ ಉರಿಯುತ್ತಿತ್ತು. ನಾನು ನಿಯಮದ ಕೆಲಸಕ್ಕೆ ಕೈಹಾಕಿದ್ದು ಜೀಪಿನ ಮೇಲಿನ ಪ್ರೀತಿಗಲ್ಲ. ನನ್ನ ತಮ್ಮ ಮತ್ತೆ ಮನೆಗೆ ಬರಬೇಕಿತ್ತು, ಅಷ್ಟೇ.

ಸಭೆ ಒಂದು ಹೋಟೆಲಿನಲ್ಲಿ ಸೇರಿತು. ಗಂಡ ಒಂದು ಮೇಜಿನಲ್ಲಿ, ತಮ್ಮ ಅತ್ತ ಕಿಟಕಿಯ ಪಕ್ಕ. ಹಳೆ ಜೀಪು ಎಂದರೇನು ಎಂದು ಕೇಳಿದೆ ನೋಡಿ, ಒಬ್ಬೊಬ್ಬರೂ ತಮ್ಮ ತಮ್ಮ ಜೀಪನ್ನೇ ವರ್ಣಿಸತೊಡಗಿದರು. ಕಂಪನಿಯಿಂದ ಬಂದ ಎಂಜಿನ್ ಇರಲೇಬೇಕು ಎಂದ ತಮ್ಮ; ಅವನ ಜೀಪಿನಲ್ಲಿ ಹಳೆಯದೆಂದು ಉಳಿದದ್ದು ಅದೊಂದೇ. ಎಂಜಿನ್ ಹೇಗಾದರೂ ಇರಲಿ, ಪಟ್ಟಿ ಸ್ಪ್ರಿಂಗು ಬದಲಾಗಿರಬಾರದು ಎಂದರು ನನ್ನ ಗಂಡ. ಪೆಟ್ರೋಲು ಕುಡಿಯುತ್ತದೆಂದು ಮಾವನವರು ಯಾವ ಕಾಲದಲ್ಲೋ ನಮ್ಮ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದ್ದರು. ಉಮ್ಮತ್ತೂರಿನಿಂದ ಬಂದಿದ್ದವರು ಬಹಳ ಹೊತ್ತು ಯೋಚಿಸಿ, ಹಾರನ್ ಮುಖ್ಯ ಎಂದರು.

ತಮ್ಮನ ಜೀಪಿನ ಎತ್ತರದ ಟಯರುಗಳ ಮಾತು ಬಂದಾಗ ಅವನು ನನ್ನ ಕಡೆಗೇ ತಿರುಗಿ ಕೂತ. ‘ಚಪ್ಪಲಿ ಬದ್ಲಾಯಿಸ್ಬುಟ್ರೆ ಆಳು ಬದ್ಲಾಯ್ತನಾ ಅಕ್ಕ?’ ಎಂದು ಕೇಳಿದ. ನನ್ನ ಗಂಡ ನನಗೇ ಉತ್ತರ ಕೊಟ್ಟರು: ‘ಕಾಲೇ ಬದ್ಲಾಯಿಸವ್ನೆ ಅಂತ ಯೋಳಮ್ಮಿ ನಿನ್ ತಮ್ಮಂಗೆ.’ ಒಂದೇ ಕೋಣೆಯಲ್ಲಿ ಕೂತ ಇಬ್ಬರ ನಡುವೆ ನಾನು ಟಪಾಲು ಹೊರುತ್ತಿದ್ದೆ. ನನ್ನ ಕಾಫಿ ಆರಿ ತಣ್ಣಗಾಯಿತು, ಸಿಟ್ಟು ಆರಲಿಲ್ಲ.

ಆ ಸಿಟ್ಟಿನಲ್ಲೇ ನನಗೆ ನಿಯಮ ಹೊಳೆಯಿತು. ಈ ಜೀಪುಗಳು ಯಾವುವೂ ಷೋಕಿಗೆ ಬಂದವಲ್ಲ. ಅರಿಸಿನ, ಈರುಳ್ಳಿ, ಬಾಳೆಗೊನೆ ಹೊತ್ತು ಸವೆದವು. ಆದ್ದರಿಂದ ದುಡಿಮೆಗೆಂದು ಮಾಡಿಸಿದ ಬದಲಾವಣೆ ಏನಿದ್ದರೂ ಇರಲಿ, ಪಂದ್ಯಕ್ಕೆಂದು ಮಾಡಿಸಿದ್ದು ಬೇಡ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ತನ್ನದೆಲ್ಲ ದುಡಿಮೆಯದೇ ಎಂದು ಪ್ರತಿಯೊಬ್ಬರೂ ಆಗಲೇ ನಂಬಿಬಿಟ್ಟಿದ್ದರು.

ನಾನು ಗಣಿತದವಳು, ಸಾಧಿಸಿ ತೋರಿಸದೆ ಬಿಡುವುದಿಲ್ಲ. ಪಂದ್ಯಕ್ಕೆ ಮೊದಲು ಪ್ರತಿ ಜೀಪೂ ಹಿಂದುಗಡೆ ತುಂಬ ಬಾಳೆಗೊನೆ ಹೇರಿಕೊಂಡು ಅದೇ ಹೊಲದಲ್ಲಿ ಒಂದು ಸುತ್ತು ಬರಬೇಕು ಎಂದೆ. ಗೀರು ಬಿದ್ದ ಕಾಯಿಯನ್ನು ನಮ್ಮ ಕಡೆಯ ವ್ಯಾಪಾರಿಗಳು ಮುಟ್ಟುವುದಿಲ್ಲ. ಗೊನೆ ನೆಟ್ಟಗೆ ವಾಪಸು ಬಂದರೆ ಅದು ದುಡಿಯುವ ಜೀಪು, ಇಲ್ಲದಿದ್ದರೆ ಆಟದ ಜೀಪು. ತನ್ನ ತೋಟದ ಗೊನೆ ತಾನೇ ತರುತ್ತೇನೆಂದು ತಮ್ಮ ಎದೆಯುಬ್ಬಿಸಿದ. ಬಾಳೆ ಬೆಳೆಯುವವನಿಗೆ ಬಾಳೆ ಹೇರುವ ಪರೀಕ್ಷೆ ಇಟ್ಟರೆ ಇನ್ನೇನು? ಅಪ್ಪನ ಕಾಲದಿಂದ ಹೇರಿದ ಜೀಪು ನಮ್ಮದು ಎಂದು ಗಂಡನೂ ಹಿಗ್ಗಿದರು.

ಪಂದ್ಯದ ಭಾನುವಾರ ಮೊದಲು ಹೊರಟವನು ತಮ್ಮ. ಒಣಗಿದ ಬಾಳೆಯೆಲೆ ಹಾಸಿ, ಗೊನೆಗಳನ್ನು ಕೂಸು ಮಲಗಿಸಿದ ಹಾಗೆ ಜೋಡಿಸಿದ. ಆದರೆ ಜಿಗಿಯಲೆಂದು ಹಾಕಿಸಿದ್ದ ಮೆತ್ತನೆಯ ಸ್ಪ್ರಿಂಗುಗಳು ಭಾರಕ್ಕೆ ಕುಸಿದು ಕೂತವು. ಆ ದೊಡ್ಡ ಟಯರುಗಳು ಮಡ್‌ಗಾರ್ಡಿಗೆ ಉಜ್ಜಿ, ಮೊದಲ ಹಳ್ಳದಲ್ಲೇ ಸುಟ್ಟ ರಬ್ಬರಿನ ವಾಸನೆ ಬಂತು. ಜೀಪು ಅಲ್ಲೇ ನಿಂತಿತು. ನನ್ನ ಗಂಡ ನಗು ತಡೆಯಲು ಆಕಾಶ ನೋಡುತ್ತಿದ್ದರು.

ಆಮೇಲೆ ಅವರ ಸರದಿ. ಡೀಸೆಲ್ ಎಂಜಿನ್ ಗುಡುಗುಡು ಎನ್ನುತ್ತ ಹಳ್ಳ ದಾಟಿತು, ದಿಣ್ಣೆಗೆ ಮೂತಿ ಎತ್ತಿತು. ಅಷ್ಟರಲ್ಲಿ ಹಿಂಬಾಗಿಲು ಲಟಕ್ಕನೆ ಮುರಿದು, ಗೊನೆಗಳು ಒಂದಾದ ಮೇಲೊಂದು ಜಾರಿ ಕೆಸರಿಗೆ ಬಿದ್ದವು. ಅವರಿಗೆ ಗೊತ್ತೇ ಆಗಲಿಲ್ಲ. ಹೊರೆ ಇಳಿದ ಜೀಪು ಸಲೀಸಾಗಿ ದಿಣ್ಣೆ ಏರಿತು. ಖಾಲಿ ಜೀಪನ್ನು ತಂದು ನನ್ನ ಮುಂದೆ ನಿಲ್ಲಿಸಿ, ಹೇಗೆ ಎನ್ನುವಂತೆ ಹುಬ್ಬು ಹಾರಿಸಿದರು. ನಾನು ಹೋಗಿ ಮುರಿದ ಬಾಗಿಲು ನೋಡಿದೆ. ಭಾರ ಕಡಿಮೆಯಾಗಲೆಂದು ಕಬ್ಬಿಣದ್ದನ್ನು ತೆಗೆಸಿ ಪ್ಲೈವುಡ್ ಹಾಕಿಸಿದ್ದರು. ಹೊರಗಡೆ ಜೀಪಿನದೇ ಹಸಿರು ಬಣ್ಣ. ಒಳಗಡೆ ಗುಲಾಬಿ ಹೂವಿನ ಚಿತ್ತಾರ. ಅದು ನಮ್ಮ ಅಡುಗೆಮನೆ ಕಪಾಟಿನ ಬಾಗಿಲು. ಬಡಗಿಯ ಹತ್ತಿರ ರಿಪೇರಿಗೆ ಕೊಟ್ಟಿದ್ದೇನೆಂದು ನನಗೆ ಹೇಳಿದ್ದರು.

ಇಷ್ಟನ್ನು ನೋಡಿದ ಮೇಲೆ ಉಳಿದವರಿಗೆಲ್ಲ ಏನೇನೋ ಕೆಲಸ ನೆನಪಾಯಿತು. ಒಬ್ಬರ ಅತ್ತೆಗೆ ಹುಷಾರಿರಲಿಲ್ಲ, ಇನ್ನೊಬ್ಬರು ಬದನಗುಪ್ಪೆಯಲ್ಲಿ ಯಾರನ್ನೋ ನೋಡಬೇಕಿತ್ತು. ಹಾರನ್ನಿನವರು ಹಾರನ್ ಮಾಡಿಕೊಂಡೇ ಹೊರಟುಹೋದರು. ಹೊಲದಲ್ಲಿ ನನ್ನ ತೀರ್ಪಿಗಾಗಿ ನಿಂತವರು ಇಬ್ಬರೇ.

ಗಂಡನನ್ನು ಒಳಗೆ ಬಿಟ್ಟರೆ ತಮ್ಮ ಇನ್ನು ಕಂಡಕ್ಟರ್ ಕೈಲಿ ತರಕಾರಿಯನ್ನೂ ಕಳಿಸುವುದಿಲ್ಲ. ತಮ್ಮನನ್ನು ಒಳಗೆ ಬಿಟ್ಟರೆ ಮನೆಯಲ್ಲಿ ನನ್ನ ಗತಿ ನನಗೇ ಗೊತ್ತು. ಇಬ್ಬರನ್ನೂ ಹೊರಗೆ ಹಾಕಿದರೆ ಇಬ್ಬರನ್ನೂ ಕಳೆದುಕೊಳ್ಳುತ್ತೇನೆ ಎಂದು ನಿಜಕ್ಕೂ ಹೆದರಿದೆ. ಆದರೂ ಕಣ್ಣೆದುರಿಗಿದ್ದದ್ದನ್ನು ಬಿಟ್ಟು ಬೇರೆ ಹೇಳಲು ನಾಲಿಗೆ ಏಳಲಿಲ್ಲ. ಇಬ್ಬರದೂ ಪಂದ್ಯದ ಜೀಪೇ, ಇಬ್ಬರೂ ಹೊರಗೆ ಎಂದೆ.

ತಮ್ಮ ಮುರಿದ ಬಾಗಿಲಿನ ಹತ್ತಿರ ಹೋಗಿ ಗುಲಾಬಿ ಹೂಗಳ ಮೇಲೆ ಕೈಯಾಡಿಸಿದ. ಆಮೇಲೆ ಒಂದು ವರ್ಷದಲ್ಲಿ ಮೊದಲ ಸಲ ನನ್ನ ಗಂಡನ ಮುಖ ನೋಡಿ ಮಾತಾಡಿದ.

‘ಬಾವ, ಇವ್ಳ ಜೊತ್ಗೆ ಇಷ್ಟು ವರ್ಸ ಎಂಗ್ ಏಗುದ್ರಿ ನೀವು?’

ನನ್ನ ಗಂಡ ದೊಡ್ಡದಾಗಿ ಉಸಿರುಬಿಟ್ಟರು. ‘ಅದ್ನ ಕೇಳೋಕೆ ಇವತ್ತು ಬಂದ್ಯಾ ಕಣ್ಲಾ. ನಡಿ, ಊಟ ಮಾಡ್ತಾ ಯೋಳ್ತೀನಿ.’

ಇಬ್ಬರೂ ನಮ್ಮ ಜೀಪು ಹತ್ತಿ, ನನ್ನನ್ನು ಕೆಸರಿನಲ್ಲೇ ಬಿಟ್ಟು, ನಮ್ಮ ಮನೆಯ ಕಡೆಗೆ ಹೊರಟುಹೋದರು.