ಎಲೆ ಕೊಟ್ಟ ಮೇಲೆ

ನಮ್ಮ ಹಳ್ಳಿಯಲ್ಲಿ ಯಾರೇ ಪಡಸಾಲೆಗೆ ಬಂದು ಕೂತರೂ ಮೊದಲು ಒಂದು ತಂಬಿಗೆ ನೀರು, ಅದರ ಹಿಂದೆಯೇ ಎಲೆ ಅಡಿಕೆ. ಬಂದವರು ಬೀಗರಿರಲಿ, ಎತ್ತು ಕೊಳ್ಳಲು ಬಂದವರಿರಲಿ, ದಾರಿ ತಪ್ಪಿ ಬಂದವರಿರಲಿ, ತಟ್ಟೆ ಅದೇ. ಬಾಯಲ್ಲಿ ಎಲೆಯಿಲ್ಲದಿದ್ದರೆ ಮನುಷ್ಯನಿಗೆ ಮಾತು ಹೊರಡುವುದಿಲ್ಲ ಎಂದು ನಮ್ಮಪ್ಪ ನಂಬಿದ್ದರು. ಅವರ ಮಾತು ಮಾತ್ರ ಎಲೆ ಇದ್ದರೂ ಹೊರಡುತ್ತಿತ್ತು, ಇಲ್ಲದಿದ್ದರೂ ಹೊರಡುತ್ತಿತ್ತು. ಆಲೂರಿನಲ್ಲಿ ಬಸ್ಸಿಳಿದು ಗಾಡಿ ಹತ್ತಿದರೆ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಸಿಗುವ ಊರು ನಮ್ಮದು. ಅವ್ವ ನಾನು ಚಿಕ್ಕವಳಿದ್ದಾಗಲೇ ಹೋಗಿಬಿಟ್ಟಿದ್ದಳು. ಜೋಳದ ಹೊಲ, ಒಂದು ಜೋಡಿ ಎತ್ತು, ನಾನು, ಇಷ್ಟನ್ನೂ ಅಪ್ಪ ಒಬ್ಬರೇ ನೋಡಿಕೊಂಡರು. ನನಗೆ ಜಡೆ ಹಾಕುವುದನ್ನೂ ಅವರೇ ಕಲಿತರು. ಹಗ್ಗ ಹೊಸೆದ ಕೈ ಅದು, ಹಾಕಿದ ಜಡೆ ಬಿಚ್ಚಲು ನನಗೆ ಸಂಜೆಯಾಗುತ್ತಿತ್ತು.

ಕರ್ನೂಲು ಆಂಧ್ರಕ್ಕೆ ರಾಜಧಾನಿಯಾದ ವರ್ಷ ನನ್ನನ್ನು ನೋಡಲು ಆದವಾನಿಯಿಂದ ಗಂಡಿನವರು ಬಂದರು. ಗಂಡು ಹತ್ತಿ ಪ್ರೆಸ್ಸಿನಲ್ಲಿ ಗುಮಾಸ್ತ. ಅವರ ತಂದೆ ತಾಯಿ ಇಬ್ಬರೂ ಹೊಳೆಯಾಚೆಯ ಒಂದು ಸಣ್ಣ ಸಂಸ್ಥಾನದಲ್ಲಿ ಬಾಳಿದವರು. ತಂದೆ ಅಲ್ಲಿಯ ದಿವಾನಖಾನೆಯಲ್ಲಿ ಕಾರಕೂನರು, ತಾಯಿ ಅಲ್ಲಿ ದೊರೆಗೆ ಪುರಾಣ ಓದಿ ಹೇಳುತ್ತಿದ್ದವರ ಮಗಳು. ಸಂಸ್ಥಾನಗಳೆಲ್ಲ ಮುಳುಗಿದ ಮೇಲೆ ಗಂಟುಮೂಟೆ ಕಟ್ಟಿಕೊಂಡು ಆದವಾನಿಗೆ ಬಂದು, ಕೋಟೆ ಬೆಟ್ಟದ ಕೆಳಗಿನ ಒಂದು ಓಣಿಯಲ್ಲಿ ಬಾಡಿಗೆಗಿದ್ದರು. ಬಂದು ಹೆಚ್ಚು ಕಾಲವಾಗಿರಲಿಲ್ಲ. ನಮ್ಮ ಸೀಮೆಯ ಹಳ್ಳಿಮನೆಯ ಹೊಸ್ತಿಲನ್ನು ಆ ತಾಯಿ ತುಳಿದದ್ದು ಅದೇ ಮೊದಲು.

ದೊಡ್ಡ ಮನೆಯ ನೆರಳಲ್ಲಿ ಬೆಳೆದವರು ಎಂದು ಕೇಳಿ ಅಪ್ಪನಿಗೆ ಹೆದರಿಕೆ. ಹಿಂದಿನ ದಿನವೇ ಆದವಾನಿಗೆ ಹೋಗಿ ಅತ್ತರಿನ ಸಣ್ಣ ಸೀಸೆ ತಂದರು. ಆಲೂರಿನ ಅಂಗಡಿಯವರ ಮನೆಯಿಂದ ಬೆಳ್ಳಿಯ ಪನ್ನೀರುದಾನಿಯನ್ನು ಬೇಡಿ ತಂದರು. ಬೀಗರು ಕೂತೊಡನೆ ಎಲೆಯ ಜೊತೆಗೆ ಇವೆರಡೂ ಆಗಬೇಕು, ಯಾವುದರಲ್ಲೂ ಕಡಿಮೆಯೆನ್ನಿಸಬಾರದು ಎಂದು ಅವರ ಲೆಕ್ಕ.

ನಾನು ಒಳಕೋಣೆಯ ಬಾಗಿಲ ಸಂದಿಯಲ್ಲಿದ್ದೆ. ಗಂಡು ಒಳಗೆ ಬರುವಾಗ ನಮ್ಮ ಗಿಡ್ಡ ಬಾಗಿಲಿಗೆ ಹಣೆ ಬಡಿಸಿಕೊಂಡರು. ಯಾರೂ ನೋಡಲಿಲ್ಲವೆಂದುಕೊಂಡು ಹಣೆ ಒರೆಸಿಕೊಂಡು ತಮ್ಮಷ್ಟಕ್ಕೆ ತಾವೇ ನಕ್ಕರು. ತನ್ನ ಪೆಟ್ಟಿಗೆ ತಾನೇ ನಗುವ ಗಂಡಸನ್ನು ನಾನು ಅಲ್ಲಿಯತನಕ ನೋಡಿರಲಿಲ್ಲ. ಇವರೇ ಆಗಲಿ ಎಂದು ಅಲ್ಲೇ ನಿಂತು ಬೇಡಿಕೊಂಡೆ. ಯಾವ ದೇವರಿಗೆ ಎಂದು ನೆನಪಿಲ್ಲ, ಎದುರಿಗಿದ್ದದ್ದು ಜೋಳ ತುಂಬಿಡುವ ಗುಮ್ಮಿ.

ಅವರೆಲ್ಲ ಕೂತರು. ಅಪ್ಪ ನೀರು ಕೊಟ್ಟರು. ಮರುಕ್ಷಣವೇ ಹೊಸ ರುಮಾಲಿನ ಸೆರಗನ್ನು ಹೆಗಲ ಮೇಲೆ ಎಸೆದುಕೊಂಡು ಎಲ್ಲರ ಮೇಲೂ ಪನ್ನೀರು ಚಿಮುಕಿಸಿ, ಗಂಡಸರ ಮಣಿಕಟ್ಟಿಗೆ ಅತ್ತರು ಸವರಿ, ಎಲೆಯ ತಟ್ಟೆಯನ್ನು ಆ ತಾಯಿಯ ಮುಂದೆ ಹಿಡಿದರು. ಅವರ ಮುಖ ಸಪ್ಪಗಾಯಿತು. ಎರಡು ಕೈಯಲ್ಲಿ ಎಲೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಎದ್ದರು. ಮಗನಿಗೂ ಗಂಡನಿಗೂ ಕಣ್ಣಲ್ಲೇ ಹೇಳಿದರು. ಆಮೇಲೆ ನಮ್ಮಪ್ಪನಿಗೆ ಬೆನ್ನು ತೋರಿಸದೆ, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಪಡಸಾಲೆ ದಾಟಿ ಮೆಟ್ಟಿಲಿಳಿದರು. ಹೆಣ್ಣನ್ನು ಕರೆಯಿರಿ ಎಂದು ಕೂಡ ಕೇಳಲಿಲ್ಲ. ಗಾಡಿ ಹೊರಟಿತು.

ಅಪ್ಪ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕಂಬಕ್ಕೆ ಒರಗಿ ಕೂತರು. ರುಮಾಲು ತೆಗೆದು ಪಕ್ಕಕ್ಕಿಟ್ಟರು.

"ನಮ್ಮನಿ ಎಲಿ ಕೈಯಾಗ ಹಿಡಕೊಂಡು ಎದ್ದು ಹೋದ್ರಲ್ಲವ್ವಾ," ಎಂದರು. "ನಿನ್ನ ಮಖಾ ಸುದ್ದಾ ನೋಡಲಿಲ್ಲ. ನಾ ಏನ್ ತಪ್ಪು ಮಾಡಿದ್ನಿ?"

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಹಿಂದೆ ಹಿಂದೆ ನಡೆಯುವ ಹೆಂಗಸು ಮೆಟ್ಟಿಲಲ್ಲಿ ಎಡವಿ ಬೀಳಬಾರದಿತ್ತೇ ಎನ್ನಿಸಿತು. ನನ್ನನ್ನು ಬಿಟ್ಟು ಹೋದದ್ದಕ್ಕಿಂತ ಅಪ್ಪನ ರುಮಾಲು ನೆಲದ ಮೇಲಿದ್ದದ್ದು ನನಗೆ ತಡೆಯಲಾಗಲಿಲ್ಲ.

ಆಲೂರಿನಲ್ಲಿ ಬಸ್ಸು ಬಂದಿರಲಿಲ್ಲ. ಆ ತಾಯಿ ಬಿಸಿಲಿಗೆ ಸೋತು ಬಸ್ಸು ನಿಲ್ಲುವ ಕಡೆಯ ಒಂದು ಮನೆಯ ಕಟ್ಟೆಯ ಮೇಲೆ ಕೂತರಂತೆ. ತೆಲುಗು ಮಾತಾಡುವ ಮನೆ. ಗುರುತು ಪರಿಚಯ ಒಂದೂ ಇಲ್ಲದ ಆ ಮನೆಯಾಕೆ ನೀರು ತಂದಳು, ಹಿಂದೆಯೇ ಎಲೆ ಅಡಿಕೆ ತಂದಳು. ಇವರು ಅಭ್ಯಾಸಬಲದಿಂದ ಎಲೆ ಕಣ್ಣಿಗೊತ್ತಿಕೊಂಡು ಮತ್ತೆ ಎದ್ದರು. ಅವಳು ಕೈ ಹಿಡಿದು ಕೂರಿಸಿದಳು.

"ಎಂಡಲೋ ಎಕ್ಕಡಿಕಿ ಪೋತಾರಮ್ಮಾ? ಕೂಚೋಮನೇ ಕದಾ ಆಕು ಇಚ್ಚಿಂದಿ," ಎಂದಳಂತೆ. ಬಿಸಿಲಲ್ಲಿ ಎಲ್ಲಿಗೆ ಹೋಗ್ತೀರಿ, ಕೂಡ್ರಲಿ ಅಂತಲೇ ಅಲ್ಲವೇ ಎಲೆ ಕೊಟ್ಟದ್ದು ಎಂದು.

ಅಷ್ಟು ಹೊತ್ತಿಗೆ ಬಸ್ಸು ಬಂತು. ಗಂಡಸರು ಹತ್ತಲು ಹೊರಟರು. ಆ ತಾಯಿ ಮಾತ್ರ ಕಟ್ಟೆಯ ಮೇಲೆಯೇ ಕೂತು, ಕೈಯಲ್ಲಿದ್ದ ಎಲೆಯನ್ನು ನೋಡಿ ನೋಡಿ ನಗತೊಡಗಿದರಂತೆ. ಈ ಮಾತನ್ನು ನನ್ನ ಗಂಡ ಆಮೇಲೆ ಎಷ್ಟೋ ಸಲ ಹೇಳಿ ತಮ್ಮ ಅವ್ವನನ್ನು ಕಾಡುತ್ತಿದ್ದರು.

ಹೊತ್ತು ಇಳಿಯುವಾಗ ಗಾಡಿ ನಮ್ಮ ಬಾಗಿಲಿಗೆ ತಿರುಗಿ ಬಂತು. ಅಪ್ಪ ಗಾಬರಿಯಾಗಿ ರುಮಾಲಿಗಾಗಿ ತಡಕಾಡಿದರು. ಆ ತಾಯಿ ನೇರವಾಗಿ ಬಂದು ಅದೇ ಜಮಖಾನೆಯ ಮೇಲೆ ಕೂತರು.

"ಅಣ್ಣಾರ, ತಿಳುವಳಿಕಿ ನಂದು ಕಡಿಮಿ ಆತ್ರಿ," ಎಂದರು. "ನಮ್ಮ ದೊರಿ ಮನ್ಯಾಗ ಅತ್ತರ ಹಚ್ಚಿ ಎಲಿ ಕೊಟ್ರಂದ್ರ ಅಪ್ಪಣಿ ಆತು, ಇನ್ನ ಹೊರಡ್ರಿ ಅಂತ. ಎಲಿ ಕೊಡೂತನಾ ಯಾರೂ ಏಳಂಗಿಲ್ಲ, ಕೊಟ್ಟ ಮ್ಯಾಲ ಯಾರೂ ಕೂಡಂಗಿಲ್ಲ. ನಾವು ಬಾಯಿ ತಗಿಯೂದ್ರಾಗ ನೀವು ಎಲಿ ಕೊಟ್ರಿ. ಹೆಣ್ಣು ಕೊಡಾಕ ಮನಸಿಲ್ಲ ಇವರಿಗೆ ಅಂತ ತಿಳದ್ನಿ."

ಅಪ್ಪ ರುಮಾಲು ಸುತ್ತಿಕೊಳ್ಳುವುದು ಬಿಟ್ಟು ಅವರ ಎದುರಿಗೆ ಕೂತರು. "ಬಂದೋರ ಕೈಯಾಗ ಎಲಿ ಇಟ್ಟು ಹೊರಗ ಕಳಸೋ ಮನಿನೂ ಇರ್ತಾವೇನ್ರಿ?" ಎಂದರು. ಬೇಸರದಿಂದಲ್ಲ, ನಿಜವಾಗಿಯೂ ತಿಳಿಯದೆ.

"ಇದ್ದೂರಿ. ಈಗ ಇಲ್ಲ. ಇನ್ನೊಮ್ಮಿ ಎಲಿ ಕೊಡ್ರಿ, ಈ ಸಲ ಏಳಂಗಿಲ್ಲ."

ಅವರು ಏಳಲಿಲ್ಲ. ನನ್ನನ್ನು ನೋಡಿದರು, ಜಡೆ ಮುಟ್ಟಿ ಯಾರು ಹಾಕಿದ್ದು ಎಂದು ಕೇಳಿದರು, ಅಪ್ಪ ಎಂದಾಗ ಅದನ್ನು ಇನ್ನೊಮ್ಮೆ ಸವರಿದರು. ರೊಟ್ಟಿ ತಿಂದು, ಮರುದಿನ ಹೊರಟರು.

ಹೀಗೆ ನಾನು ಆದವಾನಿಯ ಸೊಸೆಯಾದೆ. ಅರಮನೆ ಹೋಗಿತ್ತು, ಅರಮನೆಯ ಗತ್ತು ಮಾತ್ರ ಬಾಡಿಗೆ ಮನೆಯಲ್ಲೂ ಬಾಡಿಗೆ ಕೊಡದೆ ಇತ್ತು. ಹಿರಿಯರ ಮುಂದಿನಿಂದ ಹೋಗುವಾಗ ಬೆನ್ನು ತೋರಿಸಬಾರದು. ದೂರದಿಂದ ಕೂಗಬಾರದು. ಮಜ್ಜಿಗೆಯ ಲೋಟದ ಮೇಲೆ ಅಂಚಿಗೆ ಮಣಿ ಪೋಣಿಸಿದ ಬಟ್ಟೆ ಮುಚ್ಚಿ ತರಬೇಕು. ಒಂದು ದಿನ, ಮನೆಯಲ್ಲಿ ಹಿಟ್ಟಿನ ಡಬ್ಬಿಯ ತಳ ಕಾಣುತ್ತಿದ್ದಾಗ, ಆ ಬಟ್ಟೆಯ ಮಣಿ ಪೋಣಿಸುತ್ತ ನಾನು "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂ" ಎಂದು ಗೊಣಗಿದೆ. ಅತ್ತೆಗೆ ಕೇಳಿಸಿತು.

"ಹಿಟ್ಟು ಇಂದಲ್ಲ ನಾಳಿ ಬರ್ತೈತಿ," ಎಂದರು. "ಹೂವು ಮುಡಿಯೂದು ಮರತ್ರ ತಿರುಗಿ ಬರಂಗಿಲ್ಲ."

ನಾನು ಒಪ್ಪಲಿಲ್ಲ. ಈಗಲೂ ಪೂರ್ತಿ ಒಪ್ಪುವುದಿಲ್ಲ. ಆದರೆ ಓಣಿಯವರು ಒಪ್ಪಿದ್ದರು. ಹತ್ತಿ ವ್ಯಾಪಾರಿಗಳ ಮನೆಯಲ್ಲಿ ಮದುವೆಯೆಂದರೆ ಯಾರನ್ನು ಎಲ್ಲಿ ಕೂರಿಸಬೇಕು, ಮೊದಲ ವೀಳ್ಯ ಯಾರ ಕೈಗೆ ಎಂದು ಕೇಳಲು ಮಾವನವರಿಗೆ ಜಟಕಾ ಕಳಿಸುತ್ತಿದ್ದರು. ಹಾಡು ಕಲಿಯಲು, ಎಲೆ ಮಡಚುವುದು ಕಲಿಯಲು ಹುಡುಗಿಯರು ಅತ್ತೆಯ ಹತ್ತಿರ ಬರುತ್ತಿದ್ದರು. ದೊರೆಯೇ ಇಲ್ಲದ ದರ್ಬಾರು ಹೀಗೆ ಹತ್ತಿ ಅಂಗಡಿಯವರ ಚಪ್ಪರದ ಕೆಳಗೆ ಬಂದು ಕೂತಿತ್ತು. ಮೂರು ತಲೆಮಾರು ಗಾಣದ ಎತ್ತಿನಂತೆ ದುಡಿದು ದುಡ್ಡು ಮಾಡಿದವರು, ಒಂದು ದಿನದ ಮಟ್ಟಿಗೆ ಗತ್ತಿನಿಂದ ಕೂತು ವೀಳ್ಯ ತೆಗೆದುಕೊಳ್ಳುವುದನ್ನು ನೋಡಿ ನನಗೆ ನಗು ಬರುತ್ತಿತ್ತು, ಪ್ರೀತಿಯೂ ಬರುತ್ತಿತ್ತು.

ಒಂದು ಮಧ್ಯಾಹ್ನ ಇಬ್ಬರೂ ತೊಗರಿಬೇಳೆ ಹಸನು ಮಾಡುತ್ತಿದ್ದೆವು. ಎಲೆ ಕೊಟ್ಟರೆ ಹೋಗು ಅನ್ನುವುದಾದರೆ ಕೊಡುವುದನ್ನೇ ಮರೆತರೆ ಏನು ಗತಿ ಎಂದು ನಾನು ತಮಾಷೆಗೆ ಕೇಳಿದೆ. ಅತ್ತೆ ಮೊರ ಕೆಳಗಿಟ್ಟರು.

"ಒಮ್ಮಿ ಮರತ್ರು," ಎಂದರು. "ನಾ ಸಣ್ಣಾಕಿ ಇದ್ನಿ. ನನ್ನ ತಮ್ಮಗ ಮೈ ಸುಡೋ ಜ್ವರ. ಊಟ ಆದ ಮ್ಯಾಲ ದೊರಿ ಪುರಾಣ ಕೇಳಾಕ ನಮ್ಮಪ್ಪನ್ನ ಕರಿಸಿದ್ರು. ಕೇಳಕೋಂತ ದೊರಿಗಿ ನಿದ್ದಿ ಬಂತು. ಎಲಿ ತಟ್ಟಿ ಅಲ್ಲೇ ಇತ್ತು, ಕೊಡೋರ ಮಲಗ್ಯಾರ. ಅಪ್ಪಣಿ ಇಲ್ಲದ ನಮ್ಮಪ್ಪ ಹೆಂಗ ಏಳ್ತಾನ? ಮನಿಯಿಂದ ಆಳು ಎಲ್ಡು ಸಲ ಬಂದು ಬಾಗಲಾಗ ನಿಂತು ಹೋದ. ದೊರಿ ಎದ್ದು ಎಲಿ ಕೊಟ್ಟಾಗ ದೀಪ ಹಚ್ಚೂ ಹೊತ್ತು. ನಮ್ಮಪ್ಪ ಆ ಎಲಿ ಕೈಯಾಗ ಹಿಡಕೊಂಡೇ ಮನಿಗಿ ಓಡಿ ಬಂದ. ನನ್ನ ತಮ್ಮ ಆಗಲೇ ಹೋಗಿದ್ದ."

ನಾನು ಬೇಳೆಯಲ್ಲಿ ಕೈಯಾಡಿಸಿದೆ.

"ದೊರಿ ಕೆಟ್ಟೋರಲ್ಲ," ಎಂದರು ಅತ್ತೆ. "ಗೊತ್ತಾದ ಮ್ಯಾಲ ಅತ್ರು. ಆದ್ರ ನಮ್ಮಪ್ಪಗ ಏಳಬೇಕು ಅಂತ ಅನಸಲೇ ಇಲ್ಲ ನೋಡು. ಅದು ನನಗ ಇನ್ನೂ ಚುಚ್ಚತೈತಿ."

ಮತ್ತೆ ಮೊರ ತೆಗೆದುಕೊಂಡು ಕೇರತೊಡಗಿದರು. ಈ ಮಾತನ್ನು ಇನ್ನೊಮ್ಮೆ ಅವರು ಎತ್ತಲಿಲ್ಲ.

ನಾನು ಮೊದಲ ಬಸುರಿಯಾಗಿದ್ದಾಗ ನಾದಿನಿಯ ನಿಶ್ಚಯ ನಮ್ಮ ಮನೆಯಲ್ಲಿ ನಡೆಯಿತು. ಗಂಡಿನವರು ಊರಿನ ದೊಡ್ಡ ಹತ್ತಿ ವ್ಯಾಪಾರಿಗಳು. ಹಿರಿಯರೆಲ್ಲ ಸಾಲಾಗಿ ಕೂತಿದ್ದರು. ಮಾತು ಮುಗಿದಿರಲಿಲ್ಲ, ಊಟವಾಗಿರಲಿಲ್ಲ. ಮಾವನವರು ಹೇಳಿಕೊಟ್ಟ ಕ್ರಮದಂತೆ ಗಂಡಿನ ಅಜ್ಜನಿಗೆ ಮೊದಲ ವೀಳ್ಯ ಹೋಗುವವರೆಗೆ ಮನೆಯ ಒಂದು ಹುಳುವೂ ಹೊಸ್ತಿಲು ದಾಟುವಂತಿರಲಿಲ್ಲ. ಆಗ ನಮ್ಮ ಊರಿನ ಗಾಡಿಯವನು ಹಿತ್ತಿಲ ಬಾಗಿಲಿಗೆ ಬಂದು ನಿಂತ. ಅಪ್ಪ ಜ್ವರದಲ್ಲಿ ಬಿದ್ದಿದ್ದಾರೆ, ಅನ್ನ ನೀರು ಬಿಟ್ಟಿದ್ದಾರೆ, ನನ್ನ ಹೆಸರೇ ಹೇಳುತ್ತಿದ್ದಾರೆ ಎಂದ.

ನಾನು ಒಲೆಯ ಮುಂದೆ ಹಾಗೇ ನಿಂತೆ. ಪಡಸಾಲೆಯಲ್ಲಿ ನಾದಿನಿಯ ಬಾಳಿನ ಮಾತು ನಡೆಯುತ್ತಿದೆ. ಮನೆಯ ಸೊಸೆ ನಡುವೆ ಎದ್ದು ಹೋದರೆ ಅಪಶಕುನ ಅನ್ನುತ್ತಾರೆ, ಅವಮಾನ ಅನ್ನುತ್ತಾರೆ. ಊಟವಾಗಲಿ, ಆಮೇಲೆ ಕೇಳೋಣ ಎಂದುಕೊಂಡು ಪಲ್ಯ ತಿರುವಿದೆ. ಕೈ ತಪ್ಪಿ ಸೌಟು ಬಿತ್ತು. ಆ ಸದ್ದಿಗೆ ಅತ್ತೆ ಒಳಗೆ ಬಂದರು. ನನ್ನನ್ನು ನೋಡಿದರು, ಹಿತ್ತಿಲ ಬಾಗಿಲಲ್ಲಿದ್ದ ಗಾಡಿಯವನನ್ನು ನೋಡಿದರು. ಅವನನ್ನು ಒಂದು ಮಾತು ಕೇಳಿದರು, ಅಷ್ಟೇ.

ಪಡಸಾಲೆಗೆ ಹೋದರು. ಗಂಡಿನ ಅಜ್ಜನ ಮುಂದೆ ಇಟ್ಟಿದ್ದ ಬೆಳ್ಳಿ ತಟ್ಟೆಯಿಂದ, ಲವಂಗ ಚುಚ್ಚಿ ಮಡಚಿದ ಆ ಮೊದಲ ವೀಳ್ಯವನ್ನೇ ಎತ್ತಿಕೊಂಡರು. ಮಾವನವರ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಅತ್ತೆ ಅಷ್ಟು ಜನ ಹಿರಿಯರಿಗೆ ಬೆನ್ನು ತಿರುಗಿಸಿ, ನೆಟ್ಟಗೆ ನಡೆದು ಅಡುಗೆ ಮನೆಗೆ ಬಂದು ಅದನ್ನು ನನ್ನ ಕೈಯಲ್ಲಿಟ್ಟು ಬೆರಳು ಮಡಚಿದರು. ಅವರ ಬೆನ್ನನ್ನು ಯಾವ ಹಿರಿಯರೂ ಅಲ್ಲಿಯವರೆಗೆ ನೋಡಿರಲಿಲ್ಲ.

"ನಮ್ಮಪ್ಪ ಕೂತಿದ್ದ," ಎಂದರು. "ನೀ ಕೂಡಬ್ಯಾಡ. ಹೋಗು."

ಹೊಸ್ತಿಲು ದಾಟುವಾಗ ಹಿಂದಿನಿಂದ ಅವರು ಪಡಸಾಲೆಯವರಿಗೆ ಹೇಳುವುದು ಕೇಳಿಸಿತು. ಸೊಸೆಯ ತಂದೆಗೆ ಜಡ್ಡು, ನಾನೇ ಕಳಿಸಿದೆ, ನಿಮಗೆ ಬೇಸರವಾದರೆ ಅದು ನನ್ನ ಮೇಲಿರಲಿ ಎಂದು. ಗಂಡಿನ ಅಜ್ಜ ಕೆಮ್ಮಿದ್ದು ಕೇಳಿಸಿತು. "ನನ್ನ ಮಗಳನ್ನ ಹಿಂಗ ಕಳಸೋ ಅತ್ತಿ ಸಿಕ್ಕಿದ್ರ ಸಾಕಾಗಿತ್ತು. ಮಾತು ಮುಂದುವರಸ್ರಿ," ಎಂದರು ಅವರು.

ನನ್ನ ಹಿಂದೆಯೇ ಎದ್ದು ಬಂದ ನನ್ನ ಗಂಡ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದರು. ದಾರಿಯುದ್ದಕ್ಕೂ ನಾನು ಮುಷ್ಟಿ ಬಿಚ್ಚಲಿಲ್ಲ. ಊರು ಮುಟ್ಟಿದಾಗ ಅಪ್ಪ ಪಡಸಾಲೆಯಲ್ಲೇ ಕಂಬಳಿಯ ಮೇಲೆ ಮಲಗಿದ್ದರು. ಕೆನ್ನೆ ಒಳಗೆ ಹೋಗಿತ್ತು. ತಲೆ ನೇವರಿಸಿದರೆ ಕೈ ಸುಡುತ್ತಿತ್ತು. ಕಣ್ಣು ತೆರೆದು ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತಾಯಿತು.

"ಕಾರ್ಯ ಬಿಟ್ಟು ಬಂದಿ?" ಎಂದರು. "ನಿಮ್ಮತ್ತಿ ಹೆಂಗ ಬಿಟ್ಲು?"

ನಾನು ಮುಷ್ಟಿ ಬಿಚ್ಚಿದೆ. ವೀಳ್ಯ ಬಾಡಿ ಬೆವರಿನಲ್ಲಿ ಮೆತ್ತಗಾಗಿತ್ತು. ಅಪ್ಪ ಅದನ್ನು ನೋಡಿದರು. ಒಣಗಿದ ತುಟಿಯಲ್ಲಿ ಸಣ್ಣ ನಗು ಬಂತು. ನನ್ನಿಂದ ಅದನ್ನು ಬೇಡುವಂತೆ ಕೈ ಚಾಚಿದರು.

"ಕೊಡು. ಅವರ ಕಡಿ ಎಲಿ ಕೊಟ್ರ ಹೊರಡು ಅಂತ ಅಲ್ಲೇನವ್ವಾ? ನನಗೂ ಅಪ್ಪಣಿ ಆದಂಗಾತು."

ನಾನು ಮತ್ತೆ ಮುಷ್ಟಿ ಮುಚ್ಚಿದೆ. ಎದ್ದು ಹೋಗಿ ಗೂಡಿನಲ್ಲಿದ್ದ ನಮ್ಮದೇ ಹಿತ್ತಾಳೆಯ ಎಲೆ ತಟ್ಟೆ ತಂದೆ, ಒಂದು ತಂಬಿಗೆ ನೀರು ತಂದೆ. ಅವರ ತಲೆಯೆತ್ತಿ ತೊಡೆಯ ಮೇಲಿಟ್ಟುಕೊಂಡು ಮೊದಲು ಎರಡು ಗುಟುಕು ನೀರು ಕುಡಿಸಿದೆ. ಆಮೇಲೆ ತಟ್ಟೆಯಲ್ಲಿದ್ದ ಚಿಗುರೆಲೆಯ ತುದಿ ಮುರಿದು ಅವರ ನಾಲಿಗೆಯ ಮೇಲಿಟ್ಟೆ.

"ಇದು ಅವರ ಎಲಿ ಅಲ್ಲಪ್ಪಾ, ನಮ್ಮನೀದು," ಎಂದೆ. "ನಮ್ಮೂರಾಗ ಎಲಿ ಕೊಟ್ರ ಕೂಡ್ರು ಅಂತ."

ಅಪ್ಪ ಬಹಳ ಹೊತ್ತು ಮೆಲ್ಲಗೆ ಅದನ್ನು ಅಗಿದರು. ಆ ಸಲ ಅವರು ಹೊರಡಲಿಲ್ಲ, ಕೂತರು.