ಎಡೆಯ ಮೇಲಿನ ದೆವ್ವದ ಪುಸ್ತಕ

ಹಾಲಿನ ಡೇರಿಯಲ್ಲಿ ಕ್ಯಾನು ಹಿಡಿದು ನಿಂತಾಗ ಹೆಂಗಸರು ನನ್ನನ್ನು ಕೇಳುತ್ತಾರೆ, ಯಾವ ಪುಸ್ತಕ ಓದಲಿ ಎಂದು. ನಾನು ಕಲಿತದ್ದು ನಾಲ್ಕನೇ ಕ್ಲಾಸು. ಆದರೆ ಕ್ಯಾತನಹಳ್ಳಿಗೆ ಸೊಸೆಯಾಗಿ ಬಂದಮೇಲೆ ಪಂಚಾಯ್ತಿ ಲೈಬ್ರರಿಯ ಕಪಾಟನ್ನು ಬಳಿದು ತಿಂದವಳು. ಮುಖ ನೋಡಿ ಹೇಳುತ್ತೇನೆ. ಗಂಡ ಕುಡುಕನಾದರೆ ಹಾರುವ ಕುದುರೆ, ಮಾಯದ ಕೋಟೆಯ ಕಥೆ ತಗೋ, ಓದುವಷ್ಟು ಹೊತ್ತು ಆ ಮನೆಯಲ್ಲಿ ಇಲ್ಲದಂತಾಗುತ್ತದೆ. ಹೊಸದಾಗಿ ಮದುವೆಯಾದವಳಿಗೆ ಪ್ರೀತಿ ಪ್ರೇಮದ್ದು ಕೊಡುವುದಿಲ್ಲ. ಹೋಲಿಸಿ ನೋಡಿಕೊಂಡು ಅಳುತ್ತಾಳೆ. ಪತ್ತೇದಾರಿ ಕೊಟ್ಟರೆ ಬುದ್ಧಿಯಾದರೂ ಚುರುಕಾಗುತ್ತದೆ. ದೆವ್ವದ ಪುಸ್ತಕ ಮಾತ್ರ ಎಲ್ಲರಿಗೂ ಹಿಡಿಸುವುದಿಲ್ಲ. ಒಬ್ಬರಿಗಾದರೂ ಕೇಡು ಮಾಡಿದವರಿಗೇ ಅದರ ರುಚಿ ಗೊತ್ತು.

ನನ್ನ ಅಕ್ಕನಿಗೆ ದೆವ್ವದ್ದೇ ಬೇಕಿತ್ತು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಪಾಲಹಳ್ಳಿಯ ತವರಿನಲ್ಲಿ ಅವಳು ಅಕ್ಕಿ ಕೇರುತ್ತಿದ್ದರೆ ನಾನು ಎದುರು ಕೂತು ಓದಬೇಕು. ಅವಳನ್ನು ಬಿಟ್ಟು ಒಂದು ಹಾಳೆ ಮುಂದೆ ಓದಿದೆನೋ, ಮೊರದಲ್ಲೇ ತಲೆಗೆ ಬಿಡುತ್ತಿದ್ದಳು. ಹಾಗಾಗಿ ಅವಳಿಗೆಂದು ಹಿಡಿದ ಪುಸ್ತಕವನ್ನು ಅವಳಿಲ್ಲದೆ ಮುಂದಕ್ಕೆ ಓದುವ ಅಭ್ಯಾಸ ನನಗೆ ಮುದುಕಿಯಾದರೂ ಬರಲಿಲ್ಲ.

ಅಕ್ಕನನ್ನು ಬಿಂಡಿಗನವಿಲೆಗೆ ಕೊಟ್ಟಿದ್ದರು. ಒಳ್ಳೆಯ ಅತ್ತೆಯಲ್ಲ ಅವಳು, ಮುಚ್ಚಿಡುವುದೇನಿದೆ. ಸೊಸೆ ಬಂದ ಹೊಸದರಲ್ಲಿ ಅವಳನ್ನು ಕುರಿ ರೊಪ್ಪದ ಪಕ್ಕ ಮಲಗಿಸಿದಳು. ಜ್ವರ ಬಂದರೂ ನೀರಿಗೆ ಅಟ್ಟಿದಳು.

“ಅದೂ ಎತ್ತೋರ ಮಗ್ಳು ಕಣಕ್ಕ” ಅಂದಿದ್ದೆ.

“ನಿನ್ ಸೊಸೇನ ನೀನು ತಲೆ ಮ್ಯಾಲೆ ಕೂರುಸ್ಕೋ ಓಗಮ್ಮಿ” ಅಂದಿದ್ದಳು.

ಹೋದ ವರ್ಷ ಅಕ್ಕನಿಗೆ ಲಕ್ವ ಹೊಡೆಯಿತು. ಒಂದು ಮಗ್ಗುಲು ಸತ್ತಿತು, ಮಾತು ತೊದಲಿತು. ಹೇಲು ಉಚ್ಚೆ ಬಳಿದವಳು ಅದೇ ಸೊಸೆ. ಒಂದು ದಿನವೂ ಗೊಣಗಲಿಲ್ಲ. ಆದರೆ ಬೆಳಗಾದರೆ ಮೊಬೈಲಿನಲ್ಲಿ ಯಾವುದೋ ಸ್ವಾಮಿಯ ಪ್ರವಚನ ಹಚ್ಚಿ ಅತ್ತೆಯ ಕಿವಿಯ ಹತ್ತಿರ ಇಡುತ್ತಿದ್ದಳು. ಅಕ್ಕನಿಗೆ ಕತ್ತು ತಿರುಗಿಸಲು ಆಗದು.

“ಆರ್ಸೇ ಅದ್ನ.”

“ಪುಣ್ಯ ಬತ್ತದೆ, ಕೇಳತ್ತೆ” ಎಂದು ಸದ್ದು ಇನ್ನೊಂದಿಷ್ಟು ಏರಿಸುತ್ತಿದ್ದಳು.

ನಮ್ಮ ಲೈಬ್ರರಿಯಿಂದ ಒಂದು ದೆವ್ವದ ಪುಸ್ತಕ ಹಿಡಿದು, ನಾಗಮಂಗಲದಲ್ಲಿ ಬಸ್ಸು ಬದಲಿಸಿ ಅಕ್ಕನ ಹತ್ತಿರ ಹೋದೆ. ಅದರಲ್ಲಿ ಅತ್ತೆಯೊಬ್ಬಳು ಸೊಸೆಯನ್ನು ಬಾವಿಗೆ ತಳ್ಳುತ್ತಾಳೆ. ಸತ್ತವಳು ದಿನಾ ಸಂಜೆ ಒದ್ದೆ ಸೀರೆಯಲ್ಲಿ ಬಂದು ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತಾಳೆ. ಒಂದು ಮಾತೂ ಆಡುವುದಿಲ್ಲ. ನಾನು ಓದುತ್ತಿದ್ದರೆ ಅಕ್ಕನ ನೆಟ್ಟಗಿದ್ದ ಕಣ್ಣು ಮಿಣ ಮಿಣ ಅನ್ನುತ್ತಿತ್ತು. ಬಾಗಿಲಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಸೊಸೆಯ ಕೈ ನಿಂತಿತ್ತು. ಕೊನೆ ಉಳಿದಿರುವಾಗಲೇ ಬಸ್ಸಿನ ಹೊತ್ತಾಯಿತು. ಪುಸ್ತಕವನ್ನು ತಲೆದಿಂಬಿನ ಕೆಳಗೆ ಇಟ್ಟು ಬಂದೆ.

ಮತ್ತೆ ಹೋದಾಗ ದಿಂಬಿನ ಕೆಳಗೆ ಏನೂ ಇರಲಿಲ್ಲ.

“ನಾನೇ ಎತ್ತಿಟ್ಟಿವ್ನಿ ಚಿಕ್ಕತ್ತೆ. ಪೂರಾ ಓದ್ದೆ” ಅಂದಳು ಸೊಸೆ.

“ತತ್ತಾ, ಅಕ್ಕುಂಗೆ ಕೊನೇದು ಓದ್ಬೇಕು.”

“ಸಾಯೋ ಕಾಲ್ದಲ್ಲಿ ದೆವ್ವುದ್ ಕತೆ ಕೇಳುದ್ರೆ ಗತಿ ಸಿಕ್ಕಾಕಿಲ್ಲ.” ಆಮೇಲೆ ಮಂಚದ ಮೇಲೆ ಬಗ್ಗಿ ಹೊದಿಕೆ ಸರಿ ಮಾಡುತ್ತಾ, ಮಗುವಿಗೆ ಹೇಳುವಂತೆ ಹೇಳಿದಳು: “ಆ ಅತ್ತೆ ಕೊನೇಲಿ ಏನಾಯ್ತಾಳೆ ಅಂತ ನಂಗೊತ್ತು ಕಣತ್ತೆ. ಯೋಳಾಕಿಲ್ಲ.”

ಲೈಬ್ರರಿಯಲ್ಲಿ ಇದ್ದದ್ದು ಅದೊಂದೇ ಪ್ರತಿ. ಹೋದಾಗಲೆಲ್ಲ ಅಕ್ಕನದು ಒಂದೇ ಮಾತು: “ಆ ಅತ್ತೆ ಸತ್ಲಾ?” ಒಂದು ದಿನ ನಾನೇ ಕಟ್ಟಿ ಹೇಳಿದೆ, ದೆವ್ವ ಕತ್ತು ಹಿಸುಕಿ ಸಾಯಿಸಿತು ಎಂದು.

“ಸುಳ್ಳು ಬೊಗಳ್ಬ್ಯಾಡ” ಅಂದಳು ಅಕ್ಕ. “ಅಷ್ಟು ಬಿರ್ನೆ ಯಾರಮ್ಮಿ ಬುಡ್ತಾರೆ?”

ಕೊನೆ ಗೊತ್ತಾಗದೆಯೇ ಸತ್ತಳು.

ತಿಥಿಯ ದಿನ ಅಕ್ಕನನ್ನು ಹೂತ ಗುಡ್ಡೆಯ ಮೇಲೆ ಎಡೆ ಇಟ್ಟರು. ಸತ್ತವರಿಗೆ ಇಷ್ಟವಾದದ್ದೆಲ್ಲ ಇಡಬೇಕು. ಮುದ್ದೆ, ಬಾಡಿನ ಎಸರು, ಎಲೆ ಅಡಿಕೆ, ಹೊಗೆಸೊಪ್ಪು ಬಂದವು. ಎಲ್ಲರೂ ನೋಡುತ್ತಿರುವಾಗ ಸೊಸೆ ಸೆರಗಿನಿಂದ ಆ ಪುಸ್ತಕ ತೆಗೆದು ಎಲೆಯ ಅಂಚಿಗಿಟ್ಟಳು. “ಪಾಪ, ಅತ್ತೆ ಮ್ಯಾಲೆ ಪ್ರಾಣ” ಅಂದರು ಹೆಂಗಸರು.

ಕಾಗೆ ಬಂದು ಹುಣಸೆ ಮರದ ಮೇಲೆ ಕೂತಿತು. ಇಳಿಯಲಿಲ್ಲ. ಕಾಗೆ ಎಡೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ಲೆಕ್ಕ. ಒಬ್ಬೊಬ್ಬರಾಗಿ ಮಾತು ಕೊಡಬೇಕು.

“ಒಲ ಮಾರಾಕಿಲ್ಲ ಬಾರವ್ವ” ಅಂದ ಮಗ. ಕಾಗೆ ರೆಕ್ಕೆ ಕೆರೆದುಕೊಂಡಿತು. “ನಿನ್ ಕುರೀನೂ ಮಾರಾಕಿಲ್ಲ ಕಣವ್ವ!” ಊಹೂಂ.

ಬಿಸಿಲು ನೆತ್ತಿ ಸುಡುತ್ತಿತ್ತು. ನಾನು ಸೊಸೆಯ ಪಕ್ಕ ಹೋಗಿ ನಿಂತೆ. “ಕೊನೇಲಿ ಏನಾಯ್ತು ಅಂತ ಯೋಳ್ಬುಡವ್ವ. ಸತ್ತೋಳ ಮ್ಯಾಲೆ ಇನ್ನೇನು?”

ಅವಳು ಗುಡ್ಡೆಗೆ ಕೈ ಮುಗಿದುಕೊಂಡೇ ನನಗಷ್ಟೇ ಕೇಳುವಂತೆ ಅಂದಳು: “ಅಸ್ಕೊಂಡೇ ಓಗ್ಲಿ ಬುಡಿ.”

ಎಡೆಯ ಮುದ್ದೆಯನ್ನು ಹಸುವಿಗೆ ಹಾಕಿದರು. ಎಸರಿನ ಕಲೆಯಾಗಿದ್ದ ಪುಸ್ತಕವನ್ನು ನಾನು ಎತ್ತಿಕೊಂಡೆ. ಇನ್ನು ಯಾರಿಗೆ ಕಾಯಬೇಕು ಎಂದು ಬಸ್ಸಿನಲ್ಲೇ ಕೊನೆ ಓದಿದೆ. ಮಂತ್ರವಾದಿ ಬಂದು ದೆವ್ವವನ್ನು ಕುಡಿಕೆಗೆ ತುಂಬುತ್ತಾನೆ, ಅತ್ತೆ ತೀರ್ಥಯಾತ್ರೆ ಮಾಡಿ ಒಳ್ಳೆಯವಳಾಗುತ್ತಾಳೆ. ಥೂ. ಅಕ್ಕ ಕೇಳಿದ್ದರೆ ಉಗಿದು ಮಗ್ಗುಲು ಬದಲಿಸು ಅನ್ನುತ್ತಿದ್ದಳು. ಉಗಿಯುವ ಸುಖವನ್ನೂ ಆ ಸೊಸೆ ಕೊಡಲಿಲ್ಲ. ಈ ಪುಸ್ತಕವನ್ನು ನಾನು ಯಾರಿಗೂ ಓದಿ ಎಂದು ಹೇಳುವುದಿಲ್ಲ.

ಪಿತೃಪಕ್ಷಕ್ಕೆ ಹೋಗಿದ್ದಾಗ ಸೊಸೆ ನನ್ನನ್ನು ಬಸ್ಸಿಗೆ ಬಿಡಲು ಬಂದಳು. ಮೈಕೈ ತುಂಬಿಕೊಂಡಿದ್ದಳು.

“ಚಿಕ್ಕತ್ತೆ, ಒತ್ತು ಓಗಾಕಿಲ್ಲ. ಯಾವ್ದಾರ ಒಂದು ಒಳ್ಳೆ ಪುಸ್ತಕ ಯೋಳಿ. ದೆವ್ವುದ್ದು ಸಾಕು.”

ನನ್ನ ಚೀಲದಲ್ಲಿ ಒಂದು ಪತ್ತೇದಾರಿ ಇತ್ತು. ಬೀಗ ಹಾಕಿದ ಮನೆಯಲ್ಲಿ ಸಾಹುಕಾರನ ಕೊಲೆ, ಮನೆಮಂದಿಯ ಮೇಲೆಲ್ಲ ಅನುಮಾನ.

“ಇದ್ನ ಓದು. ಕೊಂದೋನ್ಯಾರು ಅಂತ ಕೊನೇ ಆಳೆವರ್ಗೂ ಗೊತ್ತಾಗಾಕಿಲ್ಲ.”

ಅವಳು ಖುಷಿಯಿಂದ ಎದೆಗವಚಿಕೊಂಡಳು. ನಾನು ಹತ್ತಿ ಕಿಟಕಿಯ ಪಕ್ಕ ಕೂತೆ. ಬಸ್ಸು ಹೊರಡುವುದನ್ನೇ ಕಾದಿದ್ದು ಕೂಗಿದೆ:

“ಕೊಂದಿದ್ದು ಕಾಂಪೌಂಡ್ರು ಕಣವ್ವಾ! ಔಷದೀಲಿ ಇಸ ಆಕಿರ್ತಾನೆ!”

ಅವಳ ಮುಖ ಹೇಗಾಯಿತು ಎಂದು ನೋಡಲು ಕತ್ತು ಹೊರಗೆ ಚಾಚಿದೆ. ತಲೆ ಒಳಗೆ ಹಾಕಜ್ಜಿ ಎಂದು ಕಂಡಕ್ಟರು ಗದರಿದ. ಪೂರ್ತಿ ನೋಡಿಕೊಂಡೇ ಒಳಗೆ ಹಾಕಿದೆ.