ಗಂಡನ ಕೋಡ್‌ಗೆ ಕೈ ಹಾಕಿದ ದಿನ

ಗೆಳೆಯರೇ, ಇವತ್ತು ನರಗುಂದದ ನಮ್ಮ ಮನೆಯಲ್ಲಿ ಕಂಪ್ಯೂಟರ್ ಕೋಡ್ ವಿಷಯಕ್ಕೆ ಜಗಳವಾಯಿತು. ನಾನೂ ನನ್ನ ಗಂಡನೂ ಸೇರಿ, ಬೇರೆಯವರು ತಮ್ಮ ಪ್ರೋಗ್ರಾಮಿನಲ್ಲಿ ಬಳಸಲೆಂದು ಪೈಥಾನ್‌ನಲ್ಲಿ ಮಾಹಿತಿಯನ್ನು ಟೇಬಲ್‌ಗಳಲ್ಲಿ ಇಡುವ ಒಂದು ಪುಟ್ಟ ಡೇಟಾಬೇಸ್ ಲೈಬ್ರರಿ ಮಾಡಿದ್ದೇವೆ. ಅದರಲ್ಲಿ ಡಿಸೈನ್ ಪ್ಯಾಟರ್ನ್‌ಗಳ ಭಾಗ, ಅಂದರೆ ಕೋಡನ್ನು ಕ್ಲಾಸ್ ಎಂಬ ತುಂಡುಗಳಾಗಿ ಜೋಡಿಸುವ ಕೆಲಸ, ಪೂರ್ತಿ ಅವರದು. ಕಾಲು ಮುರಿದು ಅವರು ದವಾಖಾನೆಯಲ್ಲಿ ಮಲಗಿದ್ದಾಗ ನೋವು ಮರೆಯಲೆಂದೇ ಬರೆದದ್ದು.

ಬೆಳಿಗ್ಗೆ ರೋಣದಿಂದ, ನಮ್ಮ ಲೈಬ್ರರಿ ಬಳಸಿ ಪಾಠ ಮಾಡುವ ಕಾಲೇಜಿನ ಮೇಡಂ ಒಬ್ಬರು ಫೋನ್ ಮಾಡಿದರು. "ಒಂದು ಟೇಬಲ್ ತೆರ್ಯಾಕ ಇಷ್ಟೆಲ್ಲಾ ಕ್ಲಾಸ್ ಬರೀಬೇಕೇನ್ರಿ? ನಮ್ಮ ಹುಡುಗ್ಯಾರು ಅರ್ಧಕ್ಕ ಬಿಟ್ಟು ಎದ್ದು ಹೊಂಟಾರ."

ಗಂಡ ಹೊಳೆಆಲೂರಿಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ, ಅವರ ಆ ಕ್ಲಾಸ್‌ಗಳ ಕೆಲಸವನ್ನೆಲ್ಲ ಒಂದೇ ಸಾಲಿನಲ್ಲಿ ಮಾಡಿಕೊಡುವ ಫಂಕ್ಷನ್ ಬರೆದಿಟ್ಟೆ. ಅವರು ಬಂದು ಪರದೆ ನೋಡಿದರು.

"ನಾ ಬರದದ್ದೆಲ್ಲಾ ತಗದಿಯೇನ?"

"ಇಲ್ರಿ, ಒಳಗ ನಿಮ್ಮದ ಕೆಲಸ ಮಾಡತೈತಿ. ಬಳಸೋರಿಗೆ ಕಾಣೂದಿಲ್ಲ, ಅಷ್ಟ."

ಅವರ ಮುಖ ಸಣ್ಣದಾಯಿತು. ಆದರೂ ಕುಳಿತು, ಆ ಸಾಲನ್ನು ತಾವೇ ಟೈಪ್ ಮಾಡಿದರು. ಟೇಬಲ್ ಥಟ್ಟನೆ ತೆರೆಯಿತು. ತಮ್ಮ ಹಳೆಯ ಕೋಡನ್ನೂ ತೆರೆದು ನೋಡಿ, "ಚಲೋ ಆಗೇತಿ. ಒಳಗಿಂದೂ ಭಾಳ ಉದ್ದ ಐತಿ, ಅದನ್ನೂ ತಗದು ಸಣ್ಣದಾಗಿ ಬರದ ಬಿಡು" ಅಂದರು.

"ಅದನ್ನ ಮಾತ್ರ ನಾ ತಗ್ಯಾಂಗಿಲ್ರಿ" ಅಂದೆ. "ದವಾಖಾನ್ಯಾಗ ನೀವು ಮೊದಲ ನಕ್ಕಿದ್ದು ಅದು ಓಡಿದ ದಿನಾನ."

ಈಗ ತೆಗೆ ಅನ್ನುವವರು ಅವರು, ಇರಲಿ ಅನ್ನುವವಳು ನಾನು. ಜಗಳ ಮುಗಿದಿಲ್ಲ, ಪಕ್ಷ ಮಾತ್ರ ಬದಲಾಗಿದೆ.